ಯಾರೂ ಗಂಭೀರವಾಗಿ ಓದದ ಪತ್ರಿಕೆ ಜನರ ನಿಲುವನ್ನು ಹೇಗೆ ರೂಪಿಸುತ್ತದೆ?

ಪ್ರಶ್ನೆ: ಟ್ಯಾಬ್ಲಾಯ್ಡ್ ಪತ್ರಿಕೆಗಳು ಜನರ ವಿಚಾರಧಾರೆಯನ್ನು ರೂಪಿಸುತ್ತವೆ ಎಂದು ಮಾಧ್ಯಮ ಅಧ್ಯಯನದವರು ಹೇಳುತ್ತಲೇ ಇರುತ್ತೀರಿ. ಆದರೆ ಜನ ಅವನ್ನು ಕೊಳ್ಳುವುದು ಕ್ರೀಡೆ, ತಾರೆಯರ ಗಾಸಿಪ್, ಅಪರಾಧದ ಕಥೆಗಳಿಗಾಗಿ. ಅದರಲ್ಲಿ ಬಂದದ್ದೆಲ್ಲ ನಿಜವೆಂದು ನಂಬುವವರೂ ಕಡಿಮೆ. ಜನರಿಗೆ ಬೇಕಾದ್ದನ್ನೇ ಅವು ಮಾರುತ್ತಿರುವಾಗ 'ರೂಪಿಸುವುದು' ಎಲ್ಲಿಂದ ಬಂತು? ಅದಕ್ಕೆ ಪುರಾವೆ ಇದೆಯೇ? ಮುದ್ರಿತ ಪತ್ರಿಕೆಗಳೇ ಕುಸಿಯುತ್ತಿರುವ ಈ ಕಾಲದಲ್ಲಿ ಇದು ಇನ್ನೂ ಮುಖ್ಯವೇ?

ಉತ್ತರ: ಪುರಾವೆಯಿಂದಲೇ ಶುರು ಮಾಡುತ್ತೇನೆ. ಒಂದು ಪತ್ರಿಕೆಯ ಓದುಗರು ಆ ಪತ್ರಿಕೆಯ ಧಾಟಿಯಲ್ಲೇ ಯೋಚಿಸುತ್ತಾರೆ ಎಂದು ತೋರಿಸುವುದು ಸುಲಭ. ಆದರೆ ಪತ್ರಿಕೆ ಅವರನ್ನು ಹಾಗೆ ಮಾಡಿತೋ, ಮೊದಲಿಂದಲೂ ಹಾಗೇ ಇದ್ದವರು ಆ ಪತ್ರಿಕೆಯನ್ನು ಆರಿಸಿಕೊಂಡರೋ ಎಂದು ಬಿಡಿಸಿ ಹೇಳುವುದು ಬಹಳ ಕಷ್ಟ. ಹಾಗೆ ಬಿಡಿಸಿ ನೋಡಬೇಕಾದರೆ ಅಪರೂಪದ ಸನ್ನಿವೇಶವೊಂದು ಒದಗಬೇಕು: ಪತ್ರಿಕೆಯ ರಾಜಕೀಯಕ್ಕೆ ಸಂಬಂಧವಿಲ್ಲದ ಯಾವುದೋ ಕಾರಣಕ್ಕೆ ಒಂದು ಪ್ರದೇಶದ ಜನ ಅದನ್ನು ಒಟ್ಟಾಗಿ ಬಿಟ್ಟುಬಿಡಬೇಕು, ಉಳಿದ ಕಡೆ ಜನ ಓದುತ್ತಲೇ ಇರಬೇಕು, ಹೀಗೆ ದಶಕಗಳೇ ಉರುಳಬೇಕು. ಇಂಗ್ಲೆಂಡಿನಲ್ಲಿ ಇದು ನಿಜಕ್ಕೂ ನಡೆದಿದೆ, ಒಂದು ಘೋರ ದುರಂತದ ಬೆನ್ನಿಗೆ.

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ತಂಡಗಳ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಪೊಲೀಸರು ಜನಸಂದಣಿಯನ್ನು ನಿಭಾಯಿಸುವಲ್ಲಿ ವಿಫಲರಾಗಿ, ಲಿವರ್‌ಪೂಲ್ ಅಭಿಮಾನಿಗಳು ನಿಂತಿದ್ದ ಬೇಲಿಯೊಳಗಿನ ಜಾಗದಲ್ಲಿ ನೂಕುನುಗ್ಗಲಾಯಿತು. ಜನ ನಿಂತಲ್ಲೇ ಉಸಿರುಗಟ್ಟಿ ಸತ್ತರು. ಗಾಯಗಳ ಪರಿಣಾಮದಿಂದ ವರ್ಷಗಳ ನಂತರ ತೀರಿಕೊಂಡವರೂ ಸೇರಿ ಸತ್ತವರು 97 ಮಂದಿ. ನಾಲ್ಕು ದಿನ ಕಳೆದು ಏಪ್ರಿಲ್ 19ರಂದು ಬಂದ ಬ್ರಿಟನ್ನಿನ ಟ್ಯಾಬ್ಲಾಯ್ಡ್ 'ದಿ ಸನ್' ಪತ್ರಿಕೆಯ ಮುಖಪುಟದಲ್ಲಿ ದೈತ್ಯ ಅಕ್ಷರಗಳ ತಲೆಬರಹ: 'ಸತ್ಯ'. ಅದರ ಕೆಳಗೆ ಮೂರು ಸಾಲು. ಕೆಲವು ಅಭಿಮಾನಿಗಳು ಸಂತ್ರಸ್ತರ ಜೇಬಿಗೆ ಕೈಹಾಕಿದರು. ಕೆಲವು ಅಭಿಮಾನಿಗಳು ಧೀರ ಪೊಲೀಸರ ಮೇಲೆ ಮೂತ್ರ ಮಾಡಿದರು. ಕೆಲವು ಅಭಿಮಾನಿಗಳು ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿದ್ದ ಪೇದೆಯನ್ನು ಹೊಡೆದರು.

ಈ ಆರೋಪಗಳು ಸುಳ್ಳಾಗಿದ್ದವು. ತಪ್ಪು ಮುಖ್ಯವಾಗಿ ಪೊಲೀಸ್ ನಿಯಂತ್ರಣದ್ದು ಎಂದು ಅದೇ ವರ್ಷ ಆಗಸ್ಟಿನಲ್ಲೇ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ ಹೇಳಿತ್ತು. 2012ರಲ್ಲಿ ಸ್ವತಂತ್ರ ಸಮಿತಿಯೊಂದು 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತು ಎಂದು ಬಯಲು ಮಾಡಿತು. ಪತ್ರಿಕೆ ಆಗ ಮುಖಪುಟದಲ್ಲಿ ಕ್ಷಮೆ ಕೇಳಿತು. 2016ರಲ್ಲಿ ಮರು ವಿಚಾರಣೆಯ ಜ್ಯೂರಿ, ಇದು ಕಾನೂನುಬಾಹಿರವಾಗಿ ಆದ ಸಾವು, ಅಭಿಮಾನಿಗಳ ನಡತೆಯ ಪಾಲು ಅದರಲ್ಲಿಲ್ಲ ಎಂದು ತೀರ್ಪು ಕೊಟ್ಟಿತು. ಲಿವರ್‌ಪೂಲ್ ಮತ್ತು ಅದರ ಸುತ್ತಲಿನ ಮರ್ಸಿಸೈಡ್ ಪ್ರದೇಶದ ಜನ ಅಷ್ಟು ವರ್ಷ ಕಾಯಲಿಲ್ಲ. ಆ ವಾರವೇ ಪತ್ರಿಕೆಯನ್ನು ಬೀದಿಯಲ್ಲಿ ಸುಟ್ಟರು, ಕೊಳ್ಳುವುದನ್ನು ನಿಲ್ಲಿಸಿದರು, ಅಂಗಡಿಗಳು ಇಡುವುದನ್ನು ನಿಲ್ಲಿಸಿದವು. ಆ ಬಹಿಷ್ಕಾರ ಮೂರು ದಶಕ ದಾಟಿ ಇವತ್ತಿಗೂ ಉಳಿದಿದೆ.

ಈ ಮೂರು ದಶಕಗಳಲ್ಲಿ 'ದಿ ಸನ್' ಬಿಡದೆ ನಡೆಸಿದ ದೊಡ್ಡ ಅಭಿಯಾನ ಐರೋಪ್ಯ ಒಕ್ಕೂಟದ ವಿರುದ್ಧದ್ದು. ಫ್ಲೋರಿಯನ್ ಫೂಸ್ ಮತ್ತು ಡೇನಿಯಲ್ ಬಿಶಾಫ್ ಎಂಬ ರಾಜಕೀಯ ವಿಜ್ಞಾನಿಗಳು ಬಹಿಷ್ಕಾರಕ್ಕೆ ಮೊದಲಿನ ಮತ್ತು ನಂತರದ ಸಮೀಕ್ಷೆಗಳನ್ನು ಇಟ್ಟುಕೊಂಡು ಮರ್ಸಿಸೈಡನ್ನು ಇತರ ಪ್ರದೇಶಗಳೊಂದಿಗೆ ಹೋಲಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹಿಷ್ಕಾರದಿಂದಾಗಿ ಅಲ್ಲಿನವರ ನಿಲುವು ಒಕ್ಕೂಟದ ಪರವಾಗಿ ವಾಲಿತ್ತು. ಬದಲಾವಣೆ ಹೆಚ್ಚಾಗಿ ಕಂಡದ್ದು ಎರಡು ಗುಂಪುಗಳಲ್ಲಿ: ಪತ್ರಿಕೆಯನ್ನು ಬಿಟ್ಟ ಕಾರ್ಮಿಕ ವರ್ಗದವರಲ್ಲಿ, ಮತ್ತು ಬಹಿಷ್ಕಾರದ ಕಾಲದಲ್ಲೇ ಬೆಳೆದು ದೊಡ್ಡವರಾದವರಲ್ಲಿ. 2016ರ ಜನಮತಗಣನೆಯಲ್ಲಿ ಇಂಗ್ಲೆಂಡ್ ಒಟ್ಟಾರೆ ಶೇ. 53.4ರಷ್ಟು ಮತಗಳಿಂದ ಒಕ್ಕೂಟದಿಂದ ಹೊರಬರಲು ತೀರ್ಮಾನಿಸಿದಾಗ ಲಿವರ್‌ಪೂಲ್ ನಗರದಲ್ಲಿ ಶೇ. 58.2ರಷ್ಟು ಮತ ಉಳಿಯುವುದಕ್ಕೆ ಬಿತ್ತು. ಆ ನಗರಕ್ಕೆ ಎಡಪಂಥೀಯ ಇತಿಹಾಸವಿದೆ, ಒಕ್ಕೂಟದ ಅನುದಾನವೂ ಬಂದಿತ್ತು ಎಂದು ನೀವು ಆಕ್ಷೇಪಿಸಬಹುದು. ನಿಜ, ಎಲ್ಲವನ್ನೂ ಪತ್ರಿಕೆಯ ತಲೆಗೆ ಕಟ್ಟಲಾಗದು. ಆದರೂ ಈ ಕ್ಷೇತ್ರದಲ್ಲಿ ನನಗೆ ಗೊತ್ತಿರುವ ಅಧ್ಯಯನಗಳಲ್ಲಿ ಇಷ್ಟು ಗಟ್ಟಿಯಾದದ್ದು ಅಪರೂಪ. ಜನ ಆ ಪತ್ರಿಕೆಯನ್ನು ಬಿಟ್ಟದ್ದು ಯುರೋಪಿನ ವಿಷಯಕ್ಕಲ್ಲ, ತಮ್ಮ ಸತ್ತವರ ಮಾನದ ವಿಷಯಕ್ಕೆ.

ಆ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು 'ಬೆಳೆದು ದೊಡ್ಡವರಾದವರು' ಎಂಬ ಭಾಗ. ಒಂದು ಸಂಪಾದಕೀಯ ಓದಿ ಮನಸ್ಸು ಬದಲಿಸಿಕೊಂಡವರು ಅವರಲ್ಲ. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಕ್ಷೌರದಂಗಡಿಯಲ್ಲಿ ಆ ಪತ್ರಿಕೆ ಬಿದ್ದಿರದಿದ್ದರಿಂದ ಒಂದು ಬಗೆಯ ಮಾತುಗಾರಿಕೆ ಅವರ ಕಿವಿಗೆ ದಿನವೂ ಬೀಳಲಿಲ್ಲ, ಅಷ್ಟೇ. ಟ್ಯಾಬ್ಲಾಯ್ಡಿನ ಪ್ರಭಾವ ಚುನಾವಣೆಯ ದಿನದ ಮುಖಪುಟದಲ್ಲಿದೆ ಎಂದು ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದಕ್ಕೆ ವಾದವೇ ಬೇಕಿಲ್ಲ, ಯಾವುದು 'ಎಲ್ಲರಿಗೂ ಗೊತ್ತಿರುವ ವಿಷಯ' ಎಂಬುದನ್ನು ಅದು ನಿಧಾನವಾಗಿ ತೀರ್ಮಾನಿಸುತ್ತದೆ. ಇಟಲಿಯ ಚಿಂತಕ ಗ್ರಾಂಶಿ ಇದನ್ನು ಲೋಕರೂಢಿಯ ತಿಳಿವಳಿಕೆ ಎಂಬ ಅರ್ಥದಲ್ಲಿ ಚರ್ಚಿಸಿದ. ಸಿದ್ಧಾಂತ ಎಂಬ ಹಣೆಪಟ್ಟಿ ಹೊತ್ತು ಬಂದದ್ದನ್ನು ನಾವು ಪ್ರಶ್ನಿಸುತ್ತೇವೆ. ಲೋಕಜ್ಞಾನವಾಗಿ ಬಂದದ್ದನ್ನು ಪ್ರಶ್ನಿಸಬೇಕೆಂದು ನಮಗೆ ಹೊಳೆಯುವುದೂ ಇಲ್ಲ.

ಇದು ಹೇಗೆ ನಡೆಯುತ್ತದೆ? 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಸ್ಕೃತಿ ಅಧ್ಯಯನದ ವಿದ್ವಾಂಸ ಸ್ಟುವರ್ಟ್ ಹಾಲ್ ಮತ್ತು ಸಂಗಡಿಗರು ಬೀದಿ ದರೋಡೆಯ ಸುದ್ದಿಗಳನ್ನು ಎಳೆಎಳೆಯಾಗಿ ಬಿಡಿಸಿ ನೋಡಿದರು. 1972ರ ಹೊತ್ತಿಗೆ ಬ್ರಿಟಿಷ್ ಪತ್ರಿಕೆಗಳು 'ಮಗ್ಗಿಂಗ್' ಎಂಬ ಹೊಸ ಪಿಡುಗು ದೇಶಕ್ಕೆ ಬಂದಿದೆ ಎಂದು ಬರೆಯತೊಡಗಿದ್ದವು. ಕಾನೂನಿನಲ್ಲಿ ಆ ಹೆಸರಿನ ಪ್ರತ್ಯೇಕ ಅಪರಾಧವೇ ಇರಲಿಲ್ಲ. ಹಾಲ್ ತಂಡ ಗುರುತಿಸಿದ ಸರಪಳಿ ಹೀಗಿತ್ತು. ಪೊಲೀಸರು, ನ್ಯಾಯಾಧೀಶರು, ಮಂತ್ರಿಗಳು ಘಟನೆಗೆ ಮೊದಲ ಅರ್ಥ ಕೊಡುತ್ತಾರೆ, ಏಕೆಂದರೆ ವರದಿಗಾರ ಮೊದಲು ಹೋಗುವುದು ಅವರ ಬಳಿಗೇ. ಜನಪ್ರಿಯ ಪತ್ರಿಕೆ ಆ ಅಧಿಕೃತ ಮಾತನ್ನು ತನ್ನ ಓದುಗರ ಆಡುಮಾತಿಗೆ ತಿರುಗಿಸುತ್ತದೆ. ಕಚೇರಿಯ ಭಾಷೆ ಬೀದಿಯ ಭಾಷೆಯಾಗುತ್ತದೆ. ನಂತರ ಅದೇ ಪತ್ರಿಕೆ, ಜನ ಬೇಸತ್ತಿದ್ದಾರೆ, ಜನ ಕ್ರಮ ಕೇಳುತ್ತಿದ್ದಾರೆ ಎಂದು ಓದುಗರ ಪರವಾಗಿ ದನಿ ಎತ್ತುತ್ತದೆ. ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ಸಾರ್ವಜನಿಕ ಆತಂಕವನ್ನು ಉಲ್ಲೇಖಿಸುತ್ತಾರೆ, ಪತ್ರಿಕೆ ನ್ಯಾಯಾಧೀಶರನ್ನು ಉಲ್ಲೇಖಿಸುತ್ತದೆ. ಈ ಸುತ್ತಿನಲ್ಲಿ ಯಾರೂ ಹಸಿ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ. ಆದರೆ ಕೊನೆಗೆ ಓದುಗನಿಗೆ ತಲುಪುವುದು, ಆತನದೇ ದನಿಯಲ್ಲಿ, ಮೇಲಿನವರು ಕೊಟ್ಟ ಅರ್ಥ.

ಹಿಲ್ಸ್‌ಬರೊ ಮುಖಪುಟವೂ ಇದೇ ಅಚ್ಚಿನದು. ಆ ಆರೋಪಗಳ ಹಿಂದಿದ್ದದ್ದು ಶೆಫೀಲ್ಡಿನ ಸುದ್ದಿ ಸಂಸ್ಥೆಯೊಂದಕ್ಕೆ ಹೆಸರು ಹೇಳದ ಪೊಲೀಸರು ಕೊಟ್ಟ ಮಾತು, ಜೊತೆಗೆ ಸ್ಥಳೀಯ ಸಂಸದರೊಬ್ಬರ ಮಾತು. ತಲೆಬರಹದಲ್ಲಿ ಅವರ ಸುಳಿವಿಲ್ಲ, 'ಪೊಲೀಸರು ಆರೋಪಿಸುತ್ತಾರೆ' ಎಂಬ ಎರಡು ಪದವೂ ಇಲ್ಲ. ಇರುವುದು 'ಸತ್ಯ'. 'ಕೆಲವು ಅಭಿಮಾನಿಗಳು' ಎಂದು ಮೂರು ಸಲ ಬಂದಾಗ 'ಕೆಲವು' ಎಂಬುದರ ಬಲ ಉಡುಗಿ 'ಆ ಊರಿನವರು' ಎಂಬುದಷ್ಟೇ ನಿಲ್ಲುತ್ತದೆ. ಪೊಲೀಸರಿಗೆ ಮಾತ್ರ 'ಧೀರ' ಎಂಬ ವಿಶೇಷಣ. ಕಾರ್ಮಿಕ ವರ್ಗದ ಫುಟ್‌ಬಾಲ್ ಅಭಿಮಾನಿ ಎಂದರೆ ಪುಂಡ ಎಂದು ಹಿಂದಿನ ಹತ್ತಾರು ವರ್ಷ ಪತ್ರಿಕೆಗಳು ಚಿತ್ರಿಸಿದ್ದವು. ಹಾಗಾಗಿ ಲಿವರ್‌ಪೂಲಿನ ಹೊರಗಿನ ಓದುಗರಿಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ಸುಳ್ಳು ಒಂದು ದಿನದ್ದು, ಅದಕ್ಕೆ ನೆಲ ಹದ ಮಾಡಿದ್ದು ವರ್ಷಗಳು.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರೋಣ: ಜನ ನಂಬುವುದಿಲ್ಲವಲ್ಲ? ನಂಬದಿರುವುದು ನಮ್ಮನ್ನು ಕಾಯುತ್ತದೆ ಎಂದು ನಾವು ಭಾವಿಸುವಷ್ಟು ಅದು ಕಾಯುವುದಿಲ್ಲ. 1994ರಲ್ಲಿ ಬ್ರಸೆಲ್ಸ್‌ನಲ್ಲಿರುವ, ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ ಬಾಳೆಹಣ್ಣಿನ ಗುಣಮಟ್ಟದ ಬಗ್ಗೆ 2257/94 ಸಂಖ್ಯೆಯ ನಿಯಮ ಹೊರಡಿಸಿತು. ಹಣ್ಣಿನ ಆಕಾರ ವಿರೂಪವಾಗಿರಬಾರದು, ಬಾಗು ಅಸಹಜವಾಗಿರಬಾರದು ಎಂಬ ಸಾಲು ಅದರಲ್ಲಿ ನಿಜವಾಗಿಯೂ ಇತ್ತು. ಕೆಳಗಿನ ದರ್ಜೆಗಳಿಗೆ ಆಕಾರದ ದೋಷಗಳಲ್ಲಿ ರಿಯಾಯಿತಿಯೂ ಇತ್ತು. ವ್ಯಾಪಾರಿಗಳು ಹಣ್ಣನ್ನು ದರ್ಜೆವಾರು ವಿಂಗಡಿಸುವ ಸಾಮಾನ್ಯ ವ್ಯವಹಾರವದು. ಟ್ಯಾಬ್ಲಾಯ್ಡ್‌ಗಳಲ್ಲಿ ಇದೇ 'ಬಾಗಿದ ಬಾಳೆಹಣ್ಣಿಗೆ ಬ್ರಸೆಲ್ಸ್ ನಿಷೇಧ' ಎಂಬ ಕಥೆಯಾಯಿತು. ಓದಿದವರು ನಕ್ಕರು. ಅಕ್ಷರಶಃ ನಂಬಿದವರು ಎಷ್ಟು ಜನ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ನಗಬೇಕಾದರೆ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿರಬೇಕು: ಅಲ್ಲಿ ಕುಳಿತ ಅಧಿಕಾರಿಗಳು ತಲೆಕೆಟ್ಟವರು, ಇಲ್ಲಿರುವ ನಾವು ನೆಟ್ಟಗಿನವರು. ಕಥೆ ಸುಳ್ಳೆಂದು ಗೊತ್ತಾದ ಮೇಲೂ ಆ ಒಪ್ಪಿಗೆ ಉಳಿದುಬಿಡುತ್ತದೆ. ಇಪ್ಪತ್ತೆರಡು ವರ್ಷಗಳ ನಂತರ ಜನಮತಗಣನೆಯ ಪ್ರಚಾರದಲ್ಲೂ ಬಾಳೆಹಣ್ಣು ಮತ್ತೆ ಕಾಣಿಸಿಕೊಂಡಿತು.

ಇನ್ನೊಂದು ಉದಾಹರಣೆ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. 2013ರಲ್ಲಿ ಇಪ್ಸೊಸ್ ಮೋರಿ ಎಂಬ ಸಮೀಕ್ಷಾ ಸಂಸ್ಥೆ ಬ್ರಿಟನ್ನಿನ ಜನರನ್ನು, ಕಲ್ಯಾಣ ಭತ್ಯೆಯ ಪ್ರತಿ 100 ಪೌಂಡಿನಲ್ಲಿ ಎಷ್ಟು ಮೋಸದಿಂದ ಪಡೆದದ್ದು ಎಂದು ಕೇಳಿತು. ಜನರ ಸರಾಸರಿ ಅಂದಾಜು 24 ಪೌಂಡ್. ಸರ್ಕಾರದ ಅಂದಾಜು 70 ಪೆನ್ಸ್, ಅಂದರೆ ಒಂದು ಪೌಂಡಿಗೂ ಕಡಿಮೆ. ಈ ತಪ್ಪಿಗೆ ಟ್ಯಾಬ್ಲಾಯ್ಡ್‌ಗಳೊಂದೇ ಕಾರಣ ಎನ್ನಲಾರೆ. ರಾಜಕಾರಣಿಗಳ ಭಾಷಣ, ಟಿವಿ ಕಾರ್ಯಕ್ರಮಗಳದ್ದೂ ಪಾಲಿದೆ. ಆದರೆ ವಂಚಕನೊಬ್ಬ ಸಿಕ್ಕಿಬಿದ್ದರೆ ಫೋಟೊ ಸಮೇತ ಮುಖಪುಟ, ನ್ಯಾಯವಾದ ಭತ್ಯೆ ಸಿಗದೆ ಒದ್ದಾಡುವವರ ಬಗ್ಗೆ ಒಳಪುಟದಲ್ಲೂ ಜಾಗವಿಲ್ಲ ಎಂಬ ಪದ್ಧತಿ ವರ್ಷಗಟ್ಟಲೆ ನಡೆದರೆ ಲೆಕ್ಕ ಹೀಗೆ ತಪ್ಪುವುದು ಸಹಜ. ಮುಖಪುಟದ ಒಂದೊಂದು ಕಥೆಯೂ ನಿಜವೇ ಇರಬಹುದು. ಸುಳ್ಳಾಗಿರುವುದು ಅವುಗಳ ಪ್ರಮಾಣ. ಆ ಪ್ರಮಾಣದ ಮೇಲೆಯೇ ಬಡವರ ಭತ್ಯೆಗೆ ಕತ್ತರಿ ಹಾಕುವ ನೀತಿಗೆ ಜನ ತಲೆದೂಗುತ್ತಾರೆ.

ಯಾವ ವಿಷಯದ ಬಗ್ಗೆ ಯೋಚಿಸಬೇಕು ಎಂಬುದನ್ನು ಪತ್ರಿಕೆ ನಿರ್ಧರಿಸುತ್ತದೆ ಎಂಬ ಹಳೆಯ ಸಂಶೋಧನೆ ನಿಮಗೆ ಗೊತ್ತಿರಬಹುದು. ಮೆಕ್‌ಕೂಂಬ್ಸ್ ಮತ್ತು ಶಾ ಎಂಬ ಸಂಶೋಧಕರು 1968ರ ಅಮೆರಿಕದ ಚುನಾವಣೆಯ ವೇಳೆ ಚಾಪೆಲ್ ಹಿಲ್‌ನಲ್ಲಿ ನಡೆಸಿದ ಅಧ್ಯಯನದಿಂದ ಶುರುವಾದದ್ದು ಅದು. ಅದು ಸರಿಯೇ, ಆದರೆ ಟ್ಯಾಬ್ಲಾಯ್ಡಿಗೆ ಬಂದಾಗ ಅಷ್ಟಕ್ಕೇ ನಿಂತರೆ ಸಾಲದು. ವಿಷಯದ ಜೊತೆಗೆ ಅದು 'ನಾವು' ಯಾರು ಎಂಬುದನ್ನೂ ಹೇಳಿಕೊಡುತ್ತದೆ. 1982ರ ಮೇ 2ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ಜನರಲ್ ಬೆಲ್ಗ್ರಾನೊ ಹಡಗನ್ನು ಮುಳುಗಿಸಿತು. ಸತ್ತವರು 323 ಜನ. 'ದಿ ಸನ್' ಪತ್ರಿಕೆಯ ಮೊದಲ ಆವೃತ್ತಿಗಳ ಮುಖಪುಟದಲ್ಲಿ ಒಂದೇ ಪದ, 'ಗಾಚ!', ಅಂದರೆ 'ಸಿಕ್ಕಿಬಿದ್ರಾ!' ಎಂಬಂಥ ಉದ್ಗಾರ. ಸಾವಿನ ಪ್ರಮಾಣದ ಅಂದಾಜು ಬರತೊಡಗಿದ ಮೇಲೆ ನಂತರದ ಆವೃತ್ತಿಗಳಲ್ಲಿ ಅದನ್ನು ತೆಗೆದರು. ಆ ಉದ್ಗಾರ ಯಾರದು? ನೌಕಾಪಡೆಯದೇ, ಸರ್ಕಾರದ್ದೇ, ಪತ್ರಿಕೆಯದೇ, ಓದುಗನದೇ? ನಾಲ್ವರೂ ಒಂದೇ ಬಾಯಾಗಿ ಕೂಗಿದಂತೆ ಅದನ್ನು ಬರೆಯಲಾಗಿದೆ. ಯುದ್ಧ ಸರಿಯೋ ತಪ್ಪೋ ಎಂಬ ಪ್ರಶ್ನೆ ಕೇಳಬೇಕಾದರೆ ಓದುಗ ಮೊದಲು ಆ ಬಾಯಿಂದ ಹೊರಗೆ ಬರಬೇಕು. ಜರ್ಮನಿಯ 'ಬಿಲ್ಡ್' ಪತ್ರಿಕೆ 2010ರಲ್ಲಿ ಸಾಲದ ಬಿಕ್ಕಟ್ಟಿಗೆ ಸಿಕ್ಕ ಗ್ರೀಕರಿಗೆ 'ದಿವಾಳಿ ಗ್ರೀಕರೇ, ನಿಮ್ಮ ದ್ವೀಪಗಳನ್ನು ಮಾರಿಕೊಳ್ಳಿ' ಎಂದು ತಲೆಬರಹ ಕೊಟ್ಟಿತು. ಬ್ಯಾಂಕುಗಳ ಸಾಲ, ಯೂರೊ ವ್ಯವಸ್ಥೆಯ ದೋಷ ಎಲ್ಲವೂ ಹಿಂದೆ ಸರಿದು ಕಷ್ಟಪಟ್ಟು ದುಡಿಯುವ 'ನಾವು', ಸಾಲ ಮಾಡಿ ಕೂತ 'ಅವರು' ಇಬ್ಬರೇ ಉಳಿದರು.

ಇದು ಬಲಪಂಥದ ಪತ್ರಿಕೆಗಳಿಗೆ ಮಾತ್ರ ಒಲಿದ ಕಲೆಯಲ್ಲ. 1945ರ ಬ್ರಿಟಿಷ್ ಚುನಾವಣೆಯಲ್ಲಿ 'ಡೈಲಿ ಮಿರರ್' ನಡೆಸಿದ ಅಭಿಯಾನದ ಘೋಷಣೆ 'ಅವನಿಗಾಗಿ ಮತ ಹಾಕಿ'. ಅವನು ಎಂದರೆ ಇನ್ನೂ ಮನೆಗೆ ಮರಳದ ಸೈನಿಕ. ಘೋಷಣೆಯಲ್ಲಿ ಯಾವ ಪಕ್ಷದ ಹೆಸರೂ ಇಲ್ಲ. ಇಡೀ ಪತ್ರಿಕೆ ಯಾರ ಕಡೆಗಿದೆ ಎಂಬುದರಲ್ಲಿ ಗುಟ್ಟೂ ಇರಲಿಲ್ಲ. ಲೇಬರ್ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ಆ 'ನಾವು' ಯಾರನ್ನೂ ಹೊರಗಿಟ್ಟು ಕಟ್ಟಿದ್ದಲ್ಲ, ಯುದ್ಧದಲ್ಲಿ ಎಲ್ಲರೂ ತೆತ್ತ ಬೆಲೆಯ ಮೇಲೆ ಕಟ್ಟಿದ್ದು. ನನಗೆ ಆ ವ್ಯತ್ಯಾಸ ದೊಡ್ಡದು. ಜನಪ್ರಿಯ ಶೈಲಿಯನ್ನೇ ಕೀಳೆಂದು ತಳ್ಳಿಹಾಕುವ ಪಂಡಿತರ ಜೊತೆ ನಾನಿಲ್ಲ. ಕಡಿಮೆ ಓದಿದವರಿಗೂ ಅರ್ಥವಾಗುವಂತೆ, ಅವರ ಬದುಕಿನ ಮಾತಿನಲ್ಲಿ ರಾಜಕೀಯ ಬರೆಯುವುದು ಗೌರವದ ಕೆಲಸ.

'ಜನರಿಗೆ ಬೇಕಾದ್ದನ್ನೇ ಕೊಡುತ್ತವೆ' ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ರೀಡೆ, ನಗು, ಗಾಸಿಪ್ ಜನರಿಗೆ ಬೇಕು. ಅದಕ್ಕಾಗಿ ಪತ್ರಿಕೆ ಕೊಳ್ಳುತ್ತಾರೆ. ಆ ಪೊಟ್ಟಣದಲ್ಲಿ ಯಾವ ರಾಜಕೀಯ ಇರಬೇಕು ಎಂಬುದನ್ನು ಓದುಗರು ಆರಿಸುವುದಿಲ್ಲ. 'ದಿ ಸನ್' 1964ರಲ್ಲಿ ಶುರುವಾದಾಗ ಅದು ಕಾರ್ಮಿಕ ಚಳವಳಿಯ 'ಡೈಲಿ ಹೆರಾಲ್ಡ್' ಪತ್ರಿಕೆಯ ಉತ್ತರಾಧಿಕಾರಿ. 1969ರಲ್ಲಿ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಅದನ್ನು ಕೊಂಡರು, 1978ರ ಹೊತ್ತಿಗೆ ಅದು ಮಾರಾಟದಲ್ಲಿ 'ಮಿರರ್' ಅನ್ನು ಹಿಂದಿಕ್ಕಿತು, 1979ರಲ್ಲಿ ಬಲಪಂಥೀಯ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಪರ ನಿಂತಿತು. ಓದುಗರಲ್ಲಿ ಕಾರ್ಮಿಕ ವರ್ಗದವರೇ ಹೆಚ್ಚಿದ್ದರು. ರಾಜಕೀಯ ಮಾತ್ರ ಮಗುಚಿಕೊಂಡಿತ್ತು. 1997ರ ಮಾರ್ಚ್ 18ರಂದು ಅದೇ ಪತ್ರಿಕೆ ದಿಢೀರನೆ ಲೇಬರ್ ನಾಯಕ ಟೋನಿ ಬ್ಲೇರ್ ಕಡೆ ಹೊರಳಿತು. ಜೊನಾಥನ್ ಲ್ಯಾಡ್ ಮತ್ತು ಗೇಬ್ರಿಯಲ್ ಲೆನ್ಜ್ ಎಂಬ ರಾಜಕೀಯ ವಿಜ್ಞಾನಿಗಳು ಆಗ ಹೀಗೆ ಹೊರಳಿದ ಪತ್ರಿಕೆಗಳ ಓದುಗರನ್ನು, 1992ರಿಂದ ಅದೇ ಜನರನ್ನು ಮತ್ತೆ ಮತ್ತೆ ಸಂದರ್ಶಿಸಿದ್ದ ಸಮೀಕ್ಷೆಯ ಮೂಲಕ ಪರಿಶೀಲಿಸಿದರು. ಲೆಕ್ಕಹಾಕುವ ವಿಧಾನಕ್ಕೆ ತಕ್ಕಂತೆ ಶೇ. 10ರಿಂದ 25ರಷ್ಟು ಓದುಗರ ಮತ ಪತ್ರಿಕೆಯ ಒಲವಿನಿಂದ ಬದಲಾಗಿತ್ತು ಎಂಬುದು ಅವರ ಅಂದಾಜು. ಬೇಡಿಕೆಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಇದು ಸಾಧ್ಯವಾಗಬಾರದಿತ್ತು. ತಮಗೆ ಅಂಥ ಶಕ್ತಿಯಿಲ್ಲ ಎಂದು ಮರ್ಡೋಕ್ 2012ರಲ್ಲಿ, ಬ್ರಿಟಿಷ್ ಪತ್ರಿಕೆಗಳ ನಡತೆಯ ಬಗ್ಗೆ ನಡೆದ ಲೆವೆಸನ್ ವಿಚಾರಣೆಯ ಮುಂದೆ ಹೇಳಿದರು. ಪ್ರಧಾನಿಗಳು ಮತ್ತು ಆಗಬಯಸುವವರು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದ ರೀತಿಯೂ ಅದೇ ವಿಚಾರಣೆಯಲ್ಲಿ ದಾಖಲಾಗಿದೆ. ಜನರ ಮೇಲೆ ಪ್ರಭಾವ ಎಷ್ಟೇ ಇರಲಿ, ಪ್ರಭಾವವಿದೆ ಎಂದು ರಾಜಕಾರಣಿಗಳು ನಂಬಿದರೆ ಸಾಕು, ನೀತಿಗಳು ಆ ಕಡೆ ವಾಲುತ್ತವೆ.

ಓದುಗರು ಮೇಣದ ಮುದ್ದೆಗಳಲ್ಲ. ಒಂದೇ ಸುದ್ದಿಯನ್ನು ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ತಮ್ಮ ಅನುಭವಕ್ಕೆ ತಕ್ಕಂತೆ ತಿರುಚಿ ಓದುತ್ತಾರೆ, ಮತ್ತೊಬ್ಬರು ಎದುರು ನಿಂತು ಓದುತ್ತಾರೆ ಎಂದು ಹಾಲ್ ಅವರೇ ವಿವರಿಸಿದ್ದಾರೆ. ಹತ್ತಿರದಿಂದ ಬಲ್ಲ ವಿಷಯದಲ್ಲಿ ನಾವೆಲ್ಲ ಎದುರು ನಿಲ್ಲುತ್ತೇವೆ; ಕಂಡಿರದ ಜನ, ಹೋಗದ ಊರು, ಅರ್ಥವಾಗದ ಸಂಸ್ಥೆಯ ಬಗ್ಗೆ ಮಾತ್ರ ಪತ್ರಿಕೆ ಹೇಳಿದ್ದೇ ನಮ್ಮ ಅನುಭವವಾಗಿಬಿಡುತ್ತದೆ. ವಲಸಿಗರು, ವಿದೇಶಾಂಗ ವ್ಯವಹಾರ, ನ್ಯಾಯಾಂಗ, ಬೇರೆ ಧರ್ಮದವರು: ಟ್ಯಾಬ್ಲಾಯ್ಡಿನ ಬಿಸಿ ಏರುವುದು ಸಾಮಾನ್ಯವಾಗಿ ಇಂಥ ವಿಷಯಗಳಲ್ಲೇ.

ಮುದ್ರಣ ಕುಸಿದಿರುವುದು ನಿಜ. ನಾಲ್ಕು ದಶಲಕ್ಷ ಮೀರಿ ಮಾರಾಟವಾಗುತ್ತಿದ್ದ 'ದಿ ಸನ್' 2020ರಲ್ಲಿ ತನ್ನ ಪ್ರಸಾರ ಸಂಖ್ಯೆಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಆದರೂ ಕೊಳ್ಳದವರಿಗೂ ಮುಖಪುಟ ತಲುಪುತ್ತಿದೆ. 2016ರ ನವೆಂಬರ್ 4ರಂದು 'ಡೈಲಿ ಮೇಲ್' ಮೂವರು ನ್ಯಾಯಾಧೀಶರ ಚಿತ್ರ ಹಾಕಿ 'ಜನಶತ್ರುಗಳು' ಎಂದು ಬರೆಯಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಒಕ್ಕೂಟದಿಂದ ಹೊರಬರುವ ಪ್ರಕ್ರಿಯೆ ಆರಂಭಿಸುವಂತಿಲ್ಲ ಎಂದದ್ದೇ ಅವರ ಅಪರಾಧ. ಆ ಪುಟ ಟಿವಿ ಚರ್ಚೆಗಳಲ್ಲಿ, ಫೋನುಗಳಲ್ಲಿ ಆ ಪತ್ರಿಕೆಯನ್ನು ಎಂದೂ ಮುಟ್ಟದ ಜನರವರೆಗೆ ಹರಿದಾಡಿತು. ಅದನ್ನು ಖಂಡಿಸಿದವರೂ ಹಂಚಿದರು. ನ್ಯಾಯಾಲಯ ಒಂದು ಕಡೆ, ಜನ ಇನ್ನೊಂದು ಕಡೆ ಎಂಬ ವಿಭಜನೆ ಮಾತಿನ ಚಾಲ್ತಿಗೆ ಬಂತು.

ನಿಮ್ಮ ಕೈಯಲ್ಲಿರುವ ಯಾವುದೇ ಜನಪ್ರಿಯ ಪತ್ರಿಕೆಯಲ್ಲಿ ಇದನ್ನು ಪರೀಕ್ಷಿಸಬೇಕೆನಿಸಿದರೆ ಸಂಪಾದಕೀಯವನ್ನು ಬಿಟ್ಟು ಒಂದು ತಿಂಗಳ ಮುಖಪುಟಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿ. ಹೆಸರು, ವೃತ್ತಿ, ಕುಟುಂಬದೊಂದಿಗೆ ಬರುವವರು ಯಾರು, ಬರೀ ಗುಂಪಾಗಿ ಬರುವವರು ಯಾರು ಎಂದು ಗುರುತು ಹಾಕಿ. ಪ್ರತಿ ಆರೋಪದ ಪಕ್ಕದಲ್ಲಿ ಅದನ್ನು ಹೇಳಿದವರು ಯಾರು ಎಂದು ಹುಡುಕಿ. ಕ್ರೀಡಾಪುಟ ಮತ್ತು ತಾರೆಯರ ಸುದ್ದಿಯನ್ನೂ ಸೇರಿಸಿಕೊಳ್ಳಿ; ಯಾರ ಗೆಲುವು 'ನಮ್ಮದು', ಯಾರ ನಿಷ್ಠೆಗೆ ಮತ್ತೆ ಮತ್ತೆ ಪುರಾವೆ ಕೇಳಲಾಗುತ್ತಿದೆ ಎಂಬುದು ರಾಜಕೀಯದ ಪುಟಗಳಿಗಿಂತ ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.